ಬ್ರಿಟನ್ನಿನ ರಂಗಕರ್ಮಿಗಳಿಗೆ ಈಕ್ವಿಟಿ: ಸದಸ್ಯತ್ವವನ್ನು ಬಳಸಿಕೊಳ್ಳುವ ಬಗೆ

ಬ್ರಿಟನ್ನಿನಲ್ಲಿ ನಟನೆ, ನೃತ್ಯ ಅಥವಾ ರಂಗದ ಹಿಂದಿನ ಕೆಲಸವನ್ನೇ ವೃತ್ತಿಯಾಗಿಸಿಕೊಳ್ಳಲು ಹೊರಟವರು, ಸಂಭಾವನೆಯ ಮೊದಲ ಕರಾರು ಕೈಗೆ ಬಂದೊಡನೆ ಕಲಾವಿದರ ಸಂಘವಾದ ಈಕ್ವಿಟಿಗೆ ಅರ್ಜಿ ಹಾಕುವುದು ಒಳ್ಳೆಯದು. ತಕರಾರು ಎದ್ದ ಮೇಲೆ ಸಂಘದ ಬಾಗಿಲು ಬಡಿಯುವುದಕ್ಕಿಂತ ಅದು ಜಾಣತನ. 1930ರಲ್ಲಿ ಲಂಡನ್ನಿನ ವೆಸ್ಟ್ ಎಂಡ್ ರಂಗಮಂದಿರಗಳ ಕಲಾವಿದರು ಕಟ್ಟಿದ ಈ ಕಾರ್ಮಿಕ ಸಂಘದಲ್ಲಿ ಇಂದು ನಟರಲ್ಲದೆ ಸ್ಟೇಜ್ ಮ್ಯಾನೇಜರ್‌ಗಳು, ನೃತ್ಯ ಸಂಯೋಜಕರು, ವಿನ್ಯಾಸಕರು, ಸರ್ಕಸ್ ಕಲಾವಿದರೂ ಸದಸ್ಯರಾಗಿದ್ದಾರೆ. ಒಂದು ಕಾಲಕ್ಕೆ ಈಕ್ವಿಟಿ ಕಾರ್ಡ್ ಇಲ್ಲದವರಿಗೆ ಕೆಲಸ ಸಿಗುವುದೇ ದುರ್ಲಭವಾಗಿತ್ತು. ಈಗ ಸದಸ್ಯತ್ವ ಕಡ್ಡಾಯವಲ್ಲ.

ಅರ್ಜಿಯೊಂದಿಗೆ ವೃತ್ತಿಪರ ಕೆಲಸ ಮಾಡಿರುವುದಕ್ಕೆ ಕರಾರು, ಸಂಬಳದ ಚೀಟಿಯಂತಹ ಪುರಾವೆ ಒದಗಿಸಬೇಕು. ಕಲಾಶಿಕ್ಷಣ ಪಡೆಯುತ್ತಿರುವವರಿಗೆ ವಿದ್ಯಾರ್ಥಿ ಸದಸ್ಯತ್ವ ಬೇರೆಯೇ ಇದೆ. ಆದರೆ ವಿದ್ಯಾರ್ಥಿ ವೀಸಾದ ಮೇಲೆ ಹೋಗಿರುವ ಕನ್ನಡಿಗರು ಒಂದು ಮಾತನ್ನು ಗಮನದಲ್ಲಿಡಬೇಕು: ಆ ವೀಸಾ ಸ್ವಯಂ ಉದ್ಯೋಗಕ್ಕಾಗಲಿ ವೃತ್ತಿಪರ ಮನರಂಜಕರಾಗಿ ದುಡಿಯುವುದಕ್ಕಾಗಲಿ ಅವಕಾಶ ಕೊಡುವುದಿಲ್ಲ, ಸಂಘದ ಸದಸ್ಯತ್ವದಿಂದ ಆ ನಿರ್ಬಂಧ ಸಡಿಲವಾಗುವುದೂ ಇಲ್ಲ.

ಸೇರುವಾಗಲೇ ವೃತ್ತಿನಾಮವನ್ನು ಕಾಯ್ದಿರಿಸಿಕೊಳ್ಳಬೇಕು. ಮತ್ತೊಬ್ಬ ಸದಸ್ಯರು ಈಗಾಗಲೇ ಬಳಸುತ್ತಿರುವ ಹೆಸರು ದೊರೆಯುವುದಿಲ್ಲವಾದ್ದರಿಂದ, ರಾವ್ ಅಥವಾ ಶೆಟ್ಟಿ ಎಂಬಂತಹ ಸಾಮಾನ್ಯ ಕುಲನಾಮವಿದ್ದವರು ಎರಡು ಮೂರು ಪರ್ಯಾಯಗಳನ್ನು ಯೋಚಿಸಿಟ್ಟುಕೊಳ್ಳುವುದು ಲೇಸು. ಊರಿನ ಹೆಸರನ್ನು ಜೊತೆಗೆ ಸೇರಿಸಿಕೊಳ್ಳುವ ನಮ್ಮ ರೂಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಸದಸ್ಯತ್ವದ ನಿಜವಾದ ಬೆಲೆ ತಿಳಿಯುವುದು ತಾಲೀಮಿನ ಕೋಣೆಯಲ್ಲಿ. ಈಕ್ವಿಟಿ ನಿರ್ಮಾಪಕರೊಂದಿಗೆ ಒಪ್ಪಿಕೊಂಡ ಷರತ್ತುಗಳ ಕರಾರಿನ ಮೇಲೆ ನಡೆಯುವ ನಾಟಕದಲ್ಲಿ ತಂಡದವರು ತಮ್ಮೊಳಗೊಬ್ಬರನ್ನು ಪ್ರತಿನಿಧಿಯಾಗಿ ಆರಿಸುತ್ತಾರೆ. ಅವರನ್ನು ಎಲ್ಲರೂ ‘ಡೆಪ್’ ಎಂದೇ ಕರೆಯುವುದು. ಊಟದ ಬಿಡುವು ಮೊಟಕಾದರೆ, ಹೆಚ್ಚುವರಿ ಹೊತ್ತಿನ ಹಣ ಬಾರದಿದ್ದರೆ ಅಥವಾ ರಂಗಸಜ್ಜಿಕೆ ಅಪಾಯಕಾರಿಯಾಗಿದ್ದರೆ, ಮುಂದಿನ ಅವಕಾಶ ತಪ್ಪೀತೆಂಬ ಅಳುಕಿನಿಂದ ಒಬ್ಬೊಬ್ಬರೇ ಬಾಯಿ ಬಿಡದ ಸಂಗತಿಯನ್ನು ಡೆಪ್ ಇಡೀ ತಂಡದ ಪರವಾಗಿ ನಿರ್ಮಾಪಕರ ಮುಂದಿಡುತ್ತಾರೆ, ಅಲ್ಲಿಗೂ ಬಗೆಹರಿಯದಿದ್ದರೆ ಸಂಘದ ಅಧಿಕಾರಿಯನ್ನು ಕರೆಸುತ್ತಾರೆ. ಆದ್ದರಿಂದ ಹೊಸಬರು ತಾಲೀಮು ಶುರುವಾಗುತ್ತಲೇ ಡೆಪ್ ಯಾರೆಂದು ಕೇಳಿ ತಿಳಿದುಕೊಳ್ಳಬೇಕು, ಸಂಘ ಒಪ್ಪಿಕೊಂಡಿರುವ ಸಂಭಾವನೆಯ ಕನಿಷ್ಠ ದರವನ್ನು ತಮ್ಮ ಕರಾರಿನೊಂದಿಗೆ ತಾಳೆ ನೋಡಬೇಕು.

ಒಬ್ಬಂಟಿಯಾಗಿ ಕಾರ್ಯಕ್ರಮ ಕೊಡುವ ಅಥವಾ ಶಾಲೆಗಳಲ್ಲಿ ಕಾರ್ಯಾಗಾರ ನಡೆಸುವ ನೃತ್ಯಗಾರರಿಗೆ ಹೆಚ್ಚು ನೆರವಾಗುವುದು ಸಾರ್ವಜನಿಕ ಹೊಣೆಗಾರಿಕೆಯ ವಿಮೆ, ಅಂದರೆ ತಮ್ಮ ಕೆಲಸದಿಂದ ಬೇರೆಯವರಿಗೆ ಹಾನಿಯಾದರೆ ಪರಿಹಾರ ತುಂಬುವ ವಿಮೆ. ಪೂರ್ಣ ಸದಸ್ಯರಿಗೆ 1 ಕೋಟಿ ಪೌಂಡ್‌ವರೆಗಿನ ರಕ್ಷಣೆ ಇರುವುದರಿಂದ, ಸಭಾಂಗಣದವರು ವಿಮೆಯ ದಾಖಲೆ ಕೇಳಿದಾಗ ಪರದಾಡಬೇಕಾಗುವುದಿಲ್ಲ. ತೆರಿಗೆ ಮತ್ತು ಸರ್ಕಾರಿ ಭತ್ಯೆಗಳ ಬಗ್ಗೆ ಸಲಹೆಯೂ ಸಿಗುತ್ತದೆ. ಸದಸ್ಯತ್ವ ಶುಲ್ಕವು ಗಳಿಕೆಗೆ ತಕ್ಕಂತೆ ಏರುತ್ತದೆ. ಸ್ವಯಂ ಉದ್ಯೋಗಿಗಳು ಅದನ್ನು ವೃತ್ತಿಯ ಖರ್ಚೆಂದು ತೋರಿಸಬಹುದಾದ್ದರಿಂದ ರಸೀದಿಯನ್ನು ಎತ್ತಿಟ್ಟುಕೊಳ್ಳಬೇಕು.

ಚಲನಚಿತ್ರ ಅಥವಾ ಟೆಲಿವಿಷನ್‌ನಲ್ಲಿ ಅಭಿನಯಿಸಿದವರಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ನಟಿಸಿದ ಕೃತಿಗಳ ಬಳಕೆಗಾಗಿ ವಿದೇಶಗಳಲ್ಲಿ ಸಂಗ್ರಹವಾಗುವ ಹಕ್ಕಿನ ಹಣವನ್ನು ಕಲಾವಿದರಿಗೆ ತಲುಪಿಸಲು ಈಕ್ವಿಟಿಯೇ 1998ರಲ್ಲಿ ಹುಟ್ಟುಹಾಕಿದ ಬೆಕ್ಸ್ ಎಂಬ ಸಂಸ್ಥೆಯಲ್ಲಿ ಪ್ರತ್ಯೇಕವಾಗಿಯೇ ನೋಂದಾಯಿಸಿಕೊಳ್ಳಬೇಕು.