ಬೆಕ್ಕಿಗೆ ಸಕ್ಕರೆ ಕಾಯಿಲೆಯೇ? ಮೊದಲು ಊಟ, ಆಮೇಲೆ ಸೂಜಿ

ಬೆಕ್ಕು ಪದೇ ಪದೇ ನೀರು ಕುಡಿಯುತ್ತಿದೆ, ಜಾಸ್ತಿ ಉಚ್ಚೆ ಮಾಡುತ್ತಿದೆ, ಚೆನ್ನಾಗಿ ತಿಂದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿದೆ ಅಂದರೆ ಪಶುವೈದ್ಯರ ಹತ್ತಿರ ಸಕ್ಕರೆ ಪರೀಕ್ಷೆ ಮಾಡಿಸಿ. ಹೆದರಿದ ಬೆಕ್ಕಿಗೆ ಕಾಯಿಲೆ ಇಲ್ಲದಿದ್ದರೂ ಆಸ್ಪತ್ರೆಯಲ್ಲಿ ಸಕ್ಕರೆ ಏರುತ್ತದೆ. ಹಾಗಾಗಿ ಮೂತ್ರ ಪರೀಕ್ಷೆಯನ್ನೂ ಫ್ರಕ್ಟೋಸಮೈನ್ ಎಂಬ ರಕ್ತ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಇನ್ಸುಲಿನ್ ಬರೆದುಕೊಟ್ಟರು ಅನ್ನಿ. ಒಂದು ಮಾತು ಮನಸ್ಸಿನಲ್ಲಿರಲಿ. ಸಕ್ಕರೆ ಒಂದು ಹೊತ್ತು ಸ್ವಲ್ಪ ಜಾಸ್ತಿಯಾದರೆ ಸರಿಮಾಡಲು ಸಮಯ ಸಿಗುತ್ತದೆ, ತೀರಾ ಇಳಿದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು.

ಮೊದಲ ಅಪಾಯ ಮೆಡಿಕಲ್ ಶಾಪಿನಲ್ಲೇ ಇದೆ. ನಮ್ಮಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಬಗೆ. ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು 40ರದ್ದು, ಅಂದರೆ ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ. ಕಿತ್ತಳೆ ಮುಚ್ಚಳದ್ದು 100ರದ್ದು. ಬೆಕ್ಕುಗಳಿಗೆ ಹೆಚ್ಚಾಗಿ ಕೊಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್‌ನಲ್ಲಿ ಒಂದು ಮಿಲಿಲೀಟರ್‌ಗೆ 100 ಯೂನಿಟ್ ಇರುತ್ತದೆ. ಅದನ್ನು 40ರ ಸಿರಿಂಜಿನಲ್ಲಿ ಒಂದು ಯೂನಿಟ್ ಗೆರೆಯಷ್ಟು ಎಳೆದರೆ ಬೆಕ್ಕಿಗೆ ಹೋಗುವುದು ಒಂದಲ್ಲ, ಎರಡೂವರೆ ಯೂನಿಟ್! ಎಷ್ಟೋ ಬೆಕ್ಕುಗಳಿಗೆ ಶುರುವಿನಲ್ಲಿ ಕೊಡುವುದೇ ದಿನಕ್ಕೆ ಎರಡು ಸಲ ಒಂದೊಂದು ಯೂನಿಟ್. ಆದ್ದರಿಂದ ಅಂಗಡಿಯಲ್ಲೇ ಬಾಟಲಿಯ ಅಂಕಿ, ಸಿರಿಂಜಿನ ಅಂಕಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ಮುಚ್ಚಳದ ಬಣ್ಣವನ್ನಷ್ಟೇ ನಂಬಬೇಡಿ, ಅರ್ಧ ಯೂನಿಟ್ ಗೆರೆ ಇರುವ ಸಿರಿಂಜ್ ಸಿಕ್ಕರೆ ಅದನ್ನೇ ತನ್ನಿ.

ಇನ್ನು ಊಟ. ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ, ಮೀನಿನ ಸಾರಿನ ಅನ್ನ ಹಾಕುವುದು ರೂಢಿ ಅಲ್ವಾ? ಸಕ್ಕರೆ ಕಾಯಿಲೆಗೆ ಅದು ಬೇಡವೇ ಬೇಡ. ಬೆಕ್ಕು ಮಾಂಸ ತಿಂದು ಬದುಕುವ ಪ್ರಾಣಿ, ಅದಕ್ಕೆ ಪ್ರೋಟೀನ್ ಜಾಸ್ತಿ, ಪಿಷ್ಟ ಕಡಿಮೆ ಇರಬೇಕು. ದುಬಾರಿ ಒಣ ಕಾಳಿನ ತಿಂಡಿಯಲ್ಲೂ ಪಿಷ್ಟ ಸಾಕಷ್ಟಿರುತ್ತದೆ. ಪೌಚ್ ಅಥವಾ ಡಬ್ಬಿಯ ಒದ್ದೆ ಆಹಾರ ಸಾಮಾನ್ಯವಾಗಿ ಮೇಲು, ಆದರೆ ಗ್ರೇವಿ ತುಂಬಿದ್ದನ್ನು ಬಿಟ್ಟು ನುಣ್ಣಗೆ ಅರೆದ ಮಾಂಸದ ಮುದ್ದೆಯಂಥದ್ದನ್ನು (pâté) ಆರಿಸಿ. ಬರೀ ಬೇಯಿಸಿದ ಕೋಳಿ ದಿನವೂ ಸಾಲದು, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಅನ್ನ ನಿಲ್ಲಿಸಿ ಒದ್ದೆ ಆಹಾರಕ್ಕೆ ಬದಲಾಯಿಸಿದರೆ ಬೇಕಾಗುವ ಇನ್ಸುಲಿನ್ ಕಡಿಮೆಯಾಗುತ್ತದೆ, ಆಗ ನಿನ್ನೆ ಸರಿಯಿದ್ದ ಡೋಸೇ ಇವತ್ತು ಜಾಸ್ತಿಯಾಗಬಹುದು. ಹಾಗಾಗಿ ಊಟ ಬದಲಿಸುವ ಮೊದಲೇ ವೈದ್ಯರಿಗೆ ಫೋನ್ ಮಾಡಿ, ಒಂದೆರಡು ವಾರ ನಿಧಾನವಾಗಿ ಬದಲಿಸಿ. ದಪ್ಪ ಬೆಕ್ಕನ್ನು ತೆಳ್ಳಗೆ ಮಾಡಲು ಉಪವಾಸ ಕೆಡವಬೇಡಿ, ಎರಡು ಮೂರು ದಿನ ತಿನ್ನದಿದ್ದರೆ ಲಿವರ್‌ಗೇ ಪೆಟ್ಟು.

ದಿನದ ಕ್ರಮ ಹೀಗಿರಲಿ. ಹನ್ನೆರಡು ಗಂಟೆಗೊಮ್ಮೆ ಬಟ್ಟಲು ಇಡಿ. ತಿನ್ನುವುದನ್ನು ಕಣ್ಣಾರೆ ನೋಡಿ. ತಿಂದರೆ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಆ ಮಡಿಕೆಯೊಳಗೆ ಸೂಜಿ ಹಾಕಿ. ಆಮೇಲೆ ಕೂದಲು ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಮದ್ದು ಹೊರಗೆ ಹೋಗಿದೆ. ಹೋದರೂ ಮತ್ತೆ ಚುಚ್ಚಬೇಡಿ, ಮುಂದಿನ ಹೊತ್ತಿಗೆ ಕಾಯಿರಿ. ಬೆಕ್ಕು ತಿನ್ನದಿದ್ದರೆ, ವಾಂತಿ ಮಾಡಿದರೆ, ಸೂಜಿ ಹಾಕುವ ಮೊದಲು ವೈದ್ಯರನ್ನು ಕೇಳಿ. ಚುಚ್ಚಿದವರು ಕ್ಯಾಲೆಂಡರ್ ಮೇಲೆ ಕೂಡಲೇ ಗುರುತು ಹಾಕಲಿ, ಇಲ್ಲದಿದ್ದರೆ ಬೆಳಗ್ಗೆ ಅಮ್ಮ ಒಮ್ಮೆ, ಮಗ ಒಮ್ಮೆ ಚುಚ್ಚಿಬಿಡುತ್ತಾರೆ. ಬಾಟಲಿ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಕುಲುಕಲೂಬೇಡಿ.

ಕಿವಿಯ ಅಂಚಿನಲ್ಲಿ ಒಂದು ಹನಿ ರಕ್ತ ತೆಗೆದು ಮನೆಯಲ್ಲೇ ಪರೀಕ್ಷಿಸಬಹುದು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ, ಯಾವ ಮೀಟರ್ ಅಂತ ವೈದ್ಯರಿಗೆ ಹೇಳಿಡಿ.

ಬೆಕ್ಕು ತೂರಾಡಿದರೆ, ನಡುಗಿದರೆ, ಕರೆದರೂ ಓಗೊಡದೆ ಬಿದ್ದುಕೊಂಡರೆ ಸಕ್ಕರೆ ಇಳಿದಿದೆ ಅಂತಲೇ ತಿಳಿಯಿರಿ. ತಿನ್ನುವ ಹಾಗಿದ್ದರೆ ಕೂಡಲೇ ಊಟ ಕೊಡಿ. ಇಲ್ಲದಿದ್ದರೆ ಜೇನುತುಪ್ಪ ಅಥವಾ ಗ್ಲುಕೋಸ್ ನೀರನ್ನು ಒಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ಫಿಟ್ಸ್ ಬರುತ್ತಿದ್ದರೆ ಬೆರಳು ಹಾಕಬೇಡಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಹೊರಡಿ, ಇನ್ಸುಲಿನ್ ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ. ತಿನ್ನದೆ, ವಾಂತಿ ಮಾಡುತ್ತಾ ಮಂಕಾಗಿದ್ದರೆ ಅದು ಬೇರೆ ತುರ್ತು, ರಕ್ತದಲ್ಲಿ ಕೀಟೋನ್ ಎಂಬ ಅಪಾಯಕಾರಿ ಆಮ್ಲ ಸೇರಿರಬಹುದು. ನಾಳೆಗೆ ಮುಂದೂಡಬೇಡಿ.

ಬೇಗ ಚಿಕಿತ್ಸೆ ಶುರುವಾಗಿ ಊಟವೂ ಸರಿಯಾದರೆ ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಡವೇ ಆಗುತ್ತದೆ. ಡೋಸ್ ಇಳಿಸುವುದು ಮಾತ್ರ ವೈದ್ಯರ ಕೈಯಲ್ಲಿರಲಿ. ನಿಂತ ಮೇಲೂ ಮೊಸರನ್ನಕ್ಕೆ ಮರಳಬೇಡಿ, ನೀರು ಕುಡಿಯುವುದು ಮತ್ತೆ ಜಾಸ್ತಿಯಾದರೆ ಆ ವಾರವೇ ಪರೀಕ್ಷೆ ಮಾಡಿಸಿ.