ಫಾರೆಸ್ಟ್ ಪ್ಲಾಟ್‌ನ ಪಕ್ಕದಲ್ಲಿ ಪಿ-ಮೌಲ್ಯದ ವಕ್ರರೇಖೆ: ನನ್ನ ಅನುಭವ

ಮೆಟಾ-ಅನಾಲಿಸಿಸ್‌ನ, ಅಂದರೆ ಒಂದೇ ಪ್ರಶ್ನೆಯ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸುವ ವಿಶ್ಲೇಷಣೆಯ, ಫಲಿತಾಂಶವನ್ನು ಪಿ-ಮೌಲ್ಯದ (ಒಂದು ಕಲ್ಪನೆಗೆ ದತ್ತಾಂಶ ಎಷ್ಟು ಹೊಂದುತ್ತದೆ ಎಂಬುದರ 0ರಿಂದ 1ರವರೆಗಿನ ಅಳತೆ) ವಕ್ರರೇಖೆಗಳಾಗಿ ಬಿಡಿಸುತ್ತೇನೆ ಎಂದಾಗ ನಮ್ಮ ತಂಡದಲ್ಲಿ ಯಾರೂ ಒಪ್ಪಿರಲಿಲ್ಲ. ಹಿರಿಯ ಸಹಲೇಖಕರೊಬ್ಬರು, "ಫಾರೆಸ್ಟ್ ಪ್ಲಾಟ್ ಹೇಳದ ಯಾವ ಸಂಗತಿಯನ್ನು ಇದು ಹೇಳುತ್ತದೆ?" ಎಂದು ಕೇಳಿದರು (ಪ್ರತಿ ಅಧ್ಯಯನದ ಅಂದಾಜನ್ನೂ ಅದರ ಅಂತರವನ್ನೂ ಒಂದೊಂದು ಸಾಲಿನಲ್ಲಿ, ಒಟ್ಟು ಫಲಿತಾಂಶವನ್ನು ಕೆಳಗೆ ವಜ್ರದಾಕೃತಿಯಲ್ಲಿ ತೋರಿಸುವ ರೂಢಿಯ ಚಿತ್ರವೇ ಫಾರೆಸ್ಟ್ ಪ್ಲಾಟ್), ಇನ್ನೊಬ್ಬರು, ಪಿ-ಮೌಲ್ಯವನ್ನೇ ಎಲ್ಲರೂ ಬೈಯುತ್ತಿರುವಾಗ ಒಂದರ ಬದಲು ಸಾವಿರ ಪಿ-ಮೌಲ್ಯಗಳನ್ನು ತೋರಿಸಲು ಹೊರಟಿದ್ದೀರಲ್ಲ ಎಂದು ನಕ್ಕರು. ಸುಮಾರು 8 ತಿಂಗಳ ನಂತರ ಅದೇ ಚಿತ್ರ ನಮ್ಮ ಲೇಖನದಲ್ಲಿ ಅಚ್ಚಾಯಿತು, ಅದೂ ಮೊದಲ ಚಿತ್ರವಾಗಿ. ಇಲ್ಲಿರುವ ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಎರಡನೆಯ ದಶಮಾಂಶದಲ್ಲಿ ಆಚೀಚೆ ಆಗಿದ್ದರೆ ಮನ್ನಿಸಬೇಕು.

ನಮ್ಮ ಕೈಯಲ್ಲಿದ್ದುದು 11 ಅಧ್ಯಯನಗಳು. ರ‍್ಯಾಂಡಮ್ ಎಫೆಕ್ಟ್ಸ್ ಮಾದರಿಯಲ್ಲಿ (ನಿಜವಾದ ಪರಿಣಾಮ ಅಧ್ಯಯನದಿಂದ ಅಧ್ಯಯನಕ್ಕೆ ಬೇರೆಯಿರಬಹುದು ಎಂದು ಒಪ್ಪುವ ಮಾದರಿ), ಅಧ್ಯಯನಗಳು ಕಡಿಮೆಯಿದ್ದಾಗ ಅಂತರವನ್ನು ಸರಿಪಡಿಸುವ ಹಾರ್ಟುಂಗ್-ನ್ಯಾಪ್ ತಿದ್ದುಪಡಿಯೊಂದಿಗೆ, ಒಟ್ಟು ರಿಸ್ಕ್ ರೇಶಿಯೋ (ಚಿಕಿತ್ಸೆ ಪಡೆದವರ ಅಪಾಯವನ್ನು ಪಡೆಯದವರ ಅಪಾಯದಿಂದ ಭಾಗಿಸಿದ್ದು; 1 ಎಂದರೆ ವ್ಯತ್ಯಾಸವಿಲ್ಲ) 0.84 ಬಂದಿತ್ತು. ಶೇ. 95ರ ವಿಶ್ವಾಸಾಂತರ, ಅಂದರೆ ದತ್ತಾಂಶಕ್ಕೆ ಸಾಕಷ್ಟು ಹೊಂದುವ ಮೌಲ್ಯಗಳ ವ್ಯಾಪ್ತಿ, 0.67ರಿಂದ 1.05, ಪಿ-ಮೌಲ್ಯ 0.11ರ ಆಸುಪಾಸು. ವಜ್ರದಾಕೃತಿಯ ತುದಿ 1ರ ಗೆರೆಯನ್ನು ಕೂದಲೆಳೆಯಷ್ಟು ದಾಟಿದ್ದರಿಂದ ಮೊದಲ ಕರಡಿನಲ್ಲಿ "ಈ ಚಿಕಿತ್ಸೆಯಿಂದ ಪರಿಣಾಮವಿಲ್ಲ" ಎಂಬ ವಾಕ್ಯ ಸೇರಿಕೊಂಡಿತು. ನನ್ನ ತಕರಾರೆಲ್ಲ ಆ ಒಂದು ವಾಕ್ಯದ ಮೇಲೆ. ಬಾಯಿಮಾತಿನಲ್ಲಿ ಎಷ್ಟು ವಾದಿಸಿದರೂ ಅದು ಕದಲಲಿಲ್ಲವಾದ್ದರಿಂದ ಚಿತ್ರ ಬಿಡಿಸಿಯೇ ತೋರಿಸಬೇಕೆಂದು ನಿರ್ಧರಿಸಿದೆ.

ಮೊದಲ ಪ್ರಯತ್ನ ಸ್ಪ್ರೆಡ್‌ಶೀಟ್‌ನಲ್ಲಿ ನಡೆಯಿತು. 0.1ರಿಂದ 10ರವರೆಗೆ 0.1ರ ಹೆಜ್ಜೆಯಲ್ಲಿ 100 ಬಿಂದುಗಳನ್ನು ಹಾಕಿ, ಪ್ರತಿ ಬಿಂದುವನ್ನೂ ಶೂನ್ಯ ಕಲ್ಪನೆಯೆಂದು, ಅಂದರೆ ಪರೀಕ್ಷೆಗೊಡ್ಡುವ ಮೌಲ್ಯವೆಂದು, ಇಟ್ಟುಕೊಂಡು, ಅದರ ಎದುರು ಪಿ-ಮೌಲ್ಯ ಲೆಕ್ಕ ಹಾಕಿ ಗೆರೆ ಎಳೆದೆ. ವಕ್ರರೇಖೆಯ ಶಿಖರ ನಮ್ಮ ಅಂದಾಜಿನ ಮೇಲೆ ನಿಂತು ಸರಿಯಾಗಿ 1ನ್ನು ಮುಟ್ಟಬೇಕು. ನನ್ನದು 0.62ಕ್ಕೇ ಮೊಂಡಾಗಿ ನಿಂತಿತ್ತು. ಎರಡು ರಾತ್ರಿ ಸೂತ್ರಗಳನ್ನೇ ಅನುಮಾನಿಸಿದೆ, ಈ ತೊಂದರೆಗೆ ಕಾರಣ ಸೂತ್ರವಾಗಿರಲಿಲ್ಲ. 0.84 ಎಂಬುದು 0.8 ಮತ್ತು 0.9ರ ನಡುವೆ ಬೀಳುವುದರಿಂದ ನನ್ನ ಬಿಂದುಗಳು ಶಿಖರವನ್ನು ಹಾರಿಸಿಕೊಂಡು ಹೋಗಿದ್ದವು. ದೊಡ್ಡ ಅಧ್ಯಯನದ ವಕ್ರರೇಖೆ ಕಿರಿದಾದಷ್ಟೂ ಈ ಮೋಸ ಹೆಚ್ಚು. ಈಗ ಬಿಂದುಗಳನ್ನು ಲಾಗ್ ಅಳತೆಯಲ್ಲಿ ಸಮದೂರದಲ್ಲಿ ಹಾಕುತ್ತೇನೆ, ಎರಡು ಸಾವಿರಕ್ಕೆ ಕಡಿಮೆ ಇಲ್ಲದಂತೆ. ಜೊತೆಗೆ ಪ್ರತಿ ಅಧ್ಯಯನದ ಅಂದಾಜನ್ನೂ ಒಂದು ಬಿಂದುವಾಗಿ ಸೇರಿಸುತ್ತೇನೆ. ಆಮೇಲೆ ಶಿಖರ ಮೊಂಡಾಗುವ ಮಾತೇ ಇಲ್ಲ.

ಆ ಹಂತದಲ್ಲಿ ನಾನು ದುಡ್ಡನ್ನೂ ಕಳೆದುಕೊಂಡೆ. "ಎಲ್ಲ ಬಗೆಯ ಮೆಟಾ-ಅನಾಲಿಸಿಸ್ ಚಿತ್ರಗಳು" ಎಂಬ ಆಶ್ವಾಸನೆಯನ್ನು ನಂಬಿ, ಒಂದು ವಾಣಿಜ್ಯ ತಂತ್ರಾಂಶದ ಒಂದು ವರ್ಷದ ಪರವಾನಗಿಯನ್ನು ಸ್ವಂತ ಖರ್ಚಿನಲ್ಲಿ ಕೊಂಡೆ. ನನ್ನ ಆಗಿನ ಶಿಷ್ಯವೇತನದಲ್ಲಿ ಹೆಚ್ಚುಕಡಿಮೆ ಒಂದೂವರೆ ತಿಂಗಳದ್ದು ಅದಕ್ಕೇ ಹೋಯಿತು. ಅದರಲ್ಲಿದ್ದುದು ಪಿ-ಕರ್ವ್ ಎಂಬ ಬೇರೆಯೇ ವಿಧಾನ. ಸಿಮನ್‌ಸನ್, ನೆಲ್ಸನ್, ಸಿಮನ್ಸ್ ಮೂವರು 2014ರಲ್ಲಿ ಪ್ರಕಟಿಸಿದ ಆ ವಿಧಾನವು 0.05ಕ್ಕಿಂತ ಕಡಿಮೆ ಬಂದ ಪಿ-ಮೌಲ್ಯಗಳು ಹೇಗೆ ಹಂಚಿಕೊಂಡಿವೆ ಎಂದು ನೋಡಿ, ಆಯ್ದು ವರದಿ ಮಾಡಿದ ಸುಳಿವೇನಾದರೂ ಇದೆಯೇ ಎಂದು ಪರೀಕ್ಷಿಸುತ್ತದೆ. ಹೆಸರು ಒಂದೇ ಥರ ಕೇಳಿಸುತ್ತದೆ, ಕೆಲಸಕ್ಕೆ ಸಂಬಂಧವಿಲ್ಲ. ಹಣ ವಾಪಸ್ಸಾಗಲಿಲ್ಲ. ಕೊನೆಗೆ ಕೈಹಿಡಿದದ್ದು ಬಿಡಿಗಾಸೂ ಕೇಳದ ಆರ್ ತಂತ್ರಾಂಶ ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆರ್‌ನ ಮೆಟಾ ಪ್ಯಾಕೇಜಿನಲ್ಲಿ ಡ್ರೇಪರಿ ಎಂಬ ಫಂಕ್ಷನ್ ಇದೆ. ಗೆರ್ಟಾ ರೂಕರ್ ಮತ್ತು ಗೀಡೋ ಶ್ವಾರ್ಟ್ಸರ್ 2021ರ ತಮ್ಮ ಲೇಖನದಲ್ಲಿ ಮುಂದಿಟ್ಟ ಚಿತ್ರವಿದು. ಎಲ್ಲ ಅಧ್ಯಯನಗಳ ವಕ್ರರೇಖೆಗಳೂ ಒಂದರ ಮೇಲೊಂದು ಬಿದ್ದು ಪರದೆಯ ಮಡಿಕೆಗಳಂತೆ ಕಾಣುವುದರಿಂದ ಆ ಹೆಸರು. ಮೆಟಾ-ಅನಾಲಿಸಿಸ್‌ನ ಆಬ್ಜೆಕ್ಟ್ ಸಿದ್ಧವಿದ್ದರೆ ಒಂದೇ ಸಾಲಿನಲ್ಲಿ ಚಿತ್ರ ಬರುತ್ತದೆ. ಆದರೆ ಸುಮ್ಮನೆ ಓಡಿಸಿದರೆ ನಿಂತ ಅಕ್ಷದಲ್ಲಿ ಝಡ್-ಮೌಲ್ಯ (ಅಂದಾಜಿಗೂ ಪರೀಕ್ಷಿಸುವ ಮೌಲ್ಯಕ್ಕೂ ಇರುವ ದೂರವನ್ನು ಅಂದಾಜಿನ ಅನಿಶ್ಚಿತತೆಯಿಂದ ಭಾಗಿಸಿದ್ದು) ಬರುತ್ತದೆ. ಪಿ-ಮೌಲ್ಯ ಬೇಕೆಂದು ನಾವೇ ಹೇಳಬೇಕು. ಇದು ತಿಳಿಯದೆ ನಾನು ಮೊದಲ ಸಭೆಗೆ ಝಡ್-ಮೌಲ್ಯದ ಚಿತ್ರವನ್ನೇ ಒಯ್ದು, ಅದನ್ನು ಪಿ-ಮೌಲ್ಯವೆಂದು ವಿವರಿಸಲು ಹೋಗಿ ನಗೆಪಾಟಲಾದೆ.

ಮೊದಲ ನೋಟಕ್ಕೆ ಆ ಫಂಕ್ಷನ್ ಧಾರಾಳವಾಗಿ ಸಾಕು. ಅಚ್ಚಿಗೆ ಹೋಗುವ ಚಿತ್ರದಲ್ಲಿ ಗೆರೆಯ ದಪ್ಪ, ಬಣ್ಣ, ಹೆಸರುಗಳ ಜಾಗ ಎಲ್ಲವೂ ನನ್ನ ಹಿಡಿತದಲ್ಲಿರಬೇಕೆಂಬ ಹಟದಿಂದ ಆರ್‌ನಲ್ಲೇ ಚಿತ್ರ ಬಿಡಿಸುವ ಪ್ಯಾಕೇಜಾದ ಜಿಜಿಪ್ಲಾಟ್‌ನಲ್ಲಿ ಸ್ವಂತ ಕೋಡ್ ಬರೆದೆ. ಅಲ್ಲೇ ನನ್ನ ಅತಿ ದೊಡ್ಡ ತಪ್ಪು ನಡೆಯಿತು. ಒಟ್ಟು ಫಲಿತಾಂಶದ ವಕ್ರರೇಖೆಯನ್ನು 0.05ರ ಎತ್ತರದಲ್ಲಿ ಅಡ್ಡಗೆರೆ ಎಳೆದು ಕತ್ತರಿಸಿದರೆ ಸಿಗುವ ಎರಡು ಬಿಂದುಗಳು ಶೇ. 95ರ ವಿಶ್ವಾಸಾಂತರದ ತುದಿಗಳೇ ಆಗಿರಬೇಕು. ನನ್ನ ಚಿತ್ರದಲ್ಲಿ ಅವು 0.69 ಮತ್ತು 1.02 ಆಗಿದ್ದವು, ಪಕ್ಕದ ಫಾರೆಸ್ಟ್ ಪ್ಲಾಟ್‌ನಲ್ಲಿ 0.67 ಮತ್ತು 1.05. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ. ಆ ಹಿರಿಯರ ಕಣ್ಣಿಗೆ ಮಾತ್ರ ಕಂಡಿತು. "ನಿಮ್ಮ ಎರಡು ಚಿತ್ರಗಳೇ ಒಂದನ್ನೊಂದು ಒಪ್ಪುತ್ತಿಲ್ಲ, ನಾವು ಯಾವುದನ್ನು ಒಪ್ಪೋಣ?" ಎಂದು ಕೇಳಿ ಫೈಲು ಮುಚ್ಚಿದರು.

ಕಾರಣ ಸಿಕ್ಕಲು ಹತ್ತು ದಿನ ಹಿಡಿಯಿತು. ಹಾರ್ಟುಂಗ್-ನ್ಯಾಪ್ ತಿದ್ದುಪಡಿಯಲ್ಲಿ ಅಂತರವನ್ನು ಟಿ-ವಿತರಣೆಯಿಂದ (ಅಧ್ಯಯನಗಳು ಕಡಿಮೆಯಾದಷ್ಟೂ ಅಂತರವನ್ನು ಹಿಗ್ಗಿಸುವ ವಿತರಣೆ) ಕಟ್ಟಲಾಗುತ್ತದೆ. 11 ಅಧ್ಯಯನಗಳಿಗೆ ಸ್ವಾತಂತ್ರ್ಯದ ದರ್ಜೆ (ಇಲ್ಲಿ ಅಧ್ಯಯನಗಳ ಸಂಖ್ಯೆಯಿಂದ ಒಂದು ಕಳೆದದ್ದು) 10, ಅಂತರದ ಅಗಲವನ್ನು ನಿರ್ಧರಿಸುವ ಗುಣಕ 2.228. ನನ್ನ ಕೋಡ್ ಮಾತ್ರ ಹಳೆಯ ಅಭ್ಯಾಸದಂತೆ ನಾರ್ಮಲ್ ವಿತರಣೆಯ 1.96ನ್ನೇ ಹಿಡಿದು ಕೂತಿತ್ತು. ಸ್ಪ್ರೆಡ್‌ಶೀಟ್‌ನ ಸೂತ್ರವನ್ನೇ ನಕಲು ಮಾಡಿದ್ದರ ಫಲ ಇದು. ಇದೇ ಜಾತಿಯ ಇನ್ನೊಂದು ಬಲೆಯೂ ಇದೆ: ಬೇರೊಬ್ಬರು ಪ್ರಕಟಿಸಿದ ಅಂತರದಿಂದ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಅನ್ನು ಹಿಂದಕ್ಕೆ ಲೆಕ್ಕ ಹಾಕುವಾಗ, ಲಾಗ್ ಅಳತೆಯ ಅಗಲವನ್ನು ಕಣ್ಣುಮುಚ್ಚಿ 3.92ರಿಂದ, ಅಂದರೆ 1.96ರ ಎರಡರಷ್ಟರಿಂದ, ಭಾಗಿಸುವುದು. ಅವರ ಅಂತರ ಟಿ-ವಿತರಣೆಯದಾಗಿದ್ದರೆ ನಮ್ಮ ಉತ್ತರ ಉಬ್ಬುತ್ತದೆ. ನಮ್ಮ ದತ್ತಾಂಶದಲ್ಲಿ 0.10 ಇರಬೇಕಾದದ್ದು 0.114 ಆಗುತ್ತಿತ್ತು. ಈಗ ನಾನು ಚಿತ್ರ ಸಿದ್ಧವಾದೊಡನೆ ಮಾಡುವ ಮೊದಲ ಕೆಲಸವೆಂದರೆ 0.05ರಲ್ಲಿ ಕತ್ತರಿಸಿ ಫಾರೆಸ್ಟ್ ಪ್ಲಾಟ್‌ನ ಅಂಕಿಗಳೊಂದಿಗೆ ತಾಳೆ ನೋಡುವುದು. ಮೂರನೆಯ ದಶಮಾಂಶದವರೆಗೆ ತಾಳೆಯಾಗದಿದ್ದರೆ ಚಿತ್ರವನ್ನು ಯಾರಿಗೂ ತೋರಿಸುವುದಿಲ್ಲ.

ಮುನ್ನಂದಾಜಿನ ಅಂತರವನ್ನು, ಅಂದರೆ ಹೊಸದೊಂದು ಅಧ್ಯಯನದ ಪರಿಣಾಮ ಬೀಳಬಹುದಾದ ವ್ಯಾಪ್ತಿಯನ್ನು, ತಿಳಿ ಬಣ್ಣದ ಪಟ್ಟಿಯಾಗಿ ಹಿಂಬದಿಯಲ್ಲಿ ಹಾಕಿದೆ. ಅಧ್ಯಯನಗಳ ನಡುವಿನ ವ್ಯತ್ಯಾಸವನ್ನು ಅಳೆಯುವ ಟೌ 0.2ರಷ್ಟಿದ್ದುದರಿಂದ ಅದು 0.51ರಿಂದ 1.39ರವರೆಗೆ ಹರಡಿತು. ಇದಕ್ಕೆ ಅಧ್ಯಯನಗಳ ಸಂಖ್ಯೆಯಿಂದ ಎರಡು ಕಳೆದ ಸ್ವಾತಂತ್ರ್ಯದ ದರ್ಜೆ ಬಳಸುವವರೂ ಇದ್ದಾರೆ, ಒಂದು ಕಳೆದದ್ದನ್ನು ಬಳಸುವವರೂ ಇದ್ದಾರೆ. 11 ಅಧ್ಯಯನಗಳಿದ್ದಾಗ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ನಾಲ್ಕೇ ಇದ್ದಾಗ ಗುಣಕ 4.30 ಅಥವಾ 3.18 ಆಗಿ ಚಿತ್ರವೇ ಬದಲಾಗುತ್ತದೆ. ಯಾವುದನ್ನು ಬಳಸಿದ್ದೇವೆಂದು ಅಡಿಬರಹದಲ್ಲಿ ಬರೆಯದಿದ್ದರೆ ಪತ್ರಿಕೆಯ ಪರಿಶೀಲಕರು ಸುಮ್ಮನಿರುವುದಿಲ್ಲ.

ಕುತೂಹಲಕ್ಕೆಂದು ಒಂದೆರಡು ಅಡ್ಡದಾರಿಗಳನ್ನೂ ಹಿಡಿದೆ. ಒಂದೊಂದೇ ಅಧ್ಯಯನವನ್ನು ಬಿಟ್ಟು 11 ಒಟ್ಟು ವಕ್ರರೇಖೆಗಳನ್ನು ಎಳೆದಾಗ, ಅತಿ ದೊಡ್ಡ ಅಧ್ಯಯನವನ್ನು ಬಿಟ್ಟ ಗೆರೆ ಮಾತ್ರ ಉಳಿದವುಗಳ ಗುಂಪಿನಿಂದ ಹೊರಗೆ ನಿಂತಿತು. ಕೋಷ್ಟಕದಲ್ಲಿ ಇದನ್ನು ನಾನು ಮೂರು ಸಲ ಓದಿಯೂ ಗಮನಿಸಿರಲಿಲ್ಲ. ನಿಂತ ಅಕ್ಷದಲ್ಲಿ ಪಿ-ಮೌಲ್ಯದ ಬದಲು ಅದರ ಋಣ ಲಾಗ್, ಎರಡರ ಆಧಾರದಲ್ಲಿ, ಅಂದರೆ ಎಸ್-ಮೌಲ್ಯ ಹಾಕಿಯೂ ನೋಡಿದೆ. ನಮ್ಮ 0.11 ಅಲ್ಲಿ 3.2 ಬಿಟ್ ಆಗುತ್ತದೆ, ಅಂದರೆ ನಾಣ್ಯವನ್ನು ಮೂರು ಸಲ ಚಿಮ್ಮಿ ಮೂರೂ ಸಲ ಒಂದೇ ಗೊತ್ತಾದ ಮುಖ ಬಿದ್ದಾಗ ಆಗುವಷ್ಟೇ ಆಶ್ಚರ್ಯ. ಹೋಲಿಕೆ ನನಗೆ ಬಹಳ ಹಿಡಿಸಿತು. ತಂಡದವರಿಗೆ ಮಾತ್ರ ತಲೆಕೆಳಗಾದ ಚಿತ್ರ ಓದಲು ಬರಲಿಲ್ಲ, ಕೈಬಿಟ್ಟೆ.

ತೀರ್ಪು ಬದಲಾದದ್ದು ಕೊನೆಯ ಸಭೆಯಲ್ಲಿ. ಚಿತ್ರದಲ್ಲಿ ರಿಸ್ಕ್ ರೇಶಿಯೋ 1ರ ಬಳಿ ವಕ್ರರೇಖೆಯ ಎತ್ತರ 0.11 ಎಂದು ತೋರಿಸಿ, ಅದೇ ಎತ್ತರದಲ್ಲಿ ಅಡ್ಡಲಾಗಿ ಸ್ಕೇಲು ಇಟ್ಟು, ಎಡಗಡೆ ಅದು ಎಲ್ಲಿ ಮುಟ್ಟುತ್ತದೆ ನೋಡಿ ಎಂದೆ. 0.71ರಲ್ಲಿ ಮುಟ್ಟಿತು. ಪರಿಣಾಮವೇ ಇಲ್ಲ ಎಂಬ ಕಲ್ಪನೆಗೆ ನಮ್ಮ ದತ್ತಾಂಶ ಎಷ್ಟು ಹೊಂದುತ್ತದೆಯೋ, ಅಪಾಯ ಶೇ. 29ರಷ್ಟು ಇಳಿಯುತ್ತದೆ ಎಂಬ ಕಲ್ಪನೆಗೂ ಅಷ್ಟೇ ಹೊಂದುತ್ತದೆ ಎಂದರ್ಥ. ರೋಸೆಂತಾಲ್ ಮತ್ತು ರೂಬಿನ್ 1994ರಲ್ಲಿ ಕೌಂಟರ್‌ನಲ್ ಎಂದು ಕರೆದದ್ದು ಈ ಬಿಂದುವನ್ನೇ. ಫಾರೆಸ್ಟ್ ಪ್ಲಾಟ್‌ನಲ್ಲಿಯೂ ಇದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಬಹುದು, ಆದರೆ ಯಾರೂ ಹಾಕುವುದಿಲ್ಲ. ಹಿರಿಯರು ಸ್ವಲ್ಪ ಹೊತ್ತು ಸ್ಕೇಲನ್ನೇ ನೋಡಿದರು. ನಂತರ ತಾವೇ ಪೆನ್ನು ತೆಗೆದುಕೊಂಡು "ಪರಿಣಾಮವಿಲ್ಲ" ಎಂಬುದನ್ನು ಹೊಡೆದುಹಾಕಿ, ಗಣನೀಯ ಇಳಿಕೆಯಿಂದ ಹಿಡಿದು ಅಲ್ಪ ಏರಿಕೆಯವರೆಗೆ ಎಲ್ಲಕ್ಕೂ ಫಲಿತಾಂಶ ಹೊಂದುತ್ತದೆ ಎಂಬ ಅರ್ಥದ ವಾಕ್ಯ ಬರೆದರು. ನಾನು ಆರು ತಿಂಗಳಿಂದ ಹೇಳುತ್ತಿದ್ದುದೂ ಅದನ್ನೇ.

ಪರಿಶೀಲಕರಲ್ಲಿ ಒಬ್ಬರು ಇದನ್ನು ಪಿ-ಕರ್ವ್ ಎಂದೇ ತಪ್ಪು ತಿಳಿದು, ಸಾಂಖ್ಯಿಕವಾಗಿ ಅರ್ಥಪೂರ್ಣವಲ್ಲದ (ಪಿ-ಮೌಲ್ಯ 0.05 ದಾಟಿದ) ಫಲಿತಾಂಶಗಳನ್ನು ಏಕೆ ಸೇರಿಸಿದ್ದೀರಿ ಎಂದು ಕೇಳಿದ್ದರು. ಪರವಾನಗಿಗೆ ಸುರಿದ ಹಣದಿಂದ ಕಲಿತ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ಉತ್ತರ ಬರೆಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಬಣ್ಣದ ಚಿತ್ರಕ್ಕೆ ಪ್ರತ್ಯೇಕ ಶುಲ್ಕ ಕೇಳಿದ್ದರಿಂದ ಕೊನೆಗೆ ಬೂದು ಛಾಯೆಗಳಲ್ಲೇ ಮುಗಿಸಿದೆ: ಒಟ್ಟು ವಕ್ರರೇಖೆ ದಪ್ಪ ಕಪ್ಪು, ಹೆಚ್ಚು ತೂಕದ ಅಧ್ಯಯನ ಗಾಢ, ಕಡಿಮೆ ತೂಕದ್ದು ತೆಳು. ಬಣ್ಣಕ್ಕಿಂತ ಅದೇ ಚೆನ್ನಾಗಿ ಕಂಡಿತು.

ಅಧ್ಯಯನಗಳು 20 ದಾಟಿದರೆ ಚಿತ್ರ ಗಂಟುಬಿದ್ದ ನೂಲಿನಂತಾಗುತ್ತದೆ ಎಂಬುದು ನಿಜ. ಆಗ ಒಟ್ಟು ವಕ್ರರೇಖೆಯನ್ನೂ ತೂಕದಲ್ಲಿ ಮೊದಲ ಐದನ್ನೂ ಮಾತ್ರ ಗಾಢವಾಗಿ ಬಿಟ್ಟು ಉಳಿದವನ್ನು ಮಸುಕಾಗಿಸುತ್ತೇನೆ. ಶಿಖರಗಳ ಮೇಲೆ ಹೆಸರುಗಳು ಒಂದರ ಮೇಲೊಂದು ಬೀಳದಂತೆ ಜಾಗ ಹಂಚುವ ಉಪಾಯವೊಂದನ್ನೂ ಕಂಡುಕೊಂಡಿದ್ದೇನೆ, ಮೂರು ವಾರದ ನಿದ್ದೆಗೆಟ್ಟ ದುಡಿಮೆ ಅದು. ಕಳೆದ ತಿಂಗಳು ಆ ಹಿರಿಯ ಸಹಲೇಖಕರೇ ತಮ್ಮ ಹೊಸ ವಿಶ್ಲೇಷಣೆಗೆ ನನ್ನ ಕೋಡ್ ಕೇಳಿದರು. ಗೌರವದಿಂದಲೇ ಕಳುಹಿಸಿದ್ದೇನೆ, ಹೆಸರುಗಳ ಜಾಗದ ಆ ಹನ್ನೆರಡು ಸಾಲುಗಳನ್ನು ಬಿಟ್ಟು.