ಬೈಕಿಗೆ ಎಷ್ಟು ಆಕ್ಟೇನ್ ಬೇಕು? ಎರಡು ಬೈಕಿನಲ್ಲಿ ಹಾಕಿಸಿ ನೋಡಿದ ಅನುಭವ

ನನ್ನ ಹತ್ತಿರ ಎರಡು ಬೈಕ್ ಇವೆ. ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹಳೆಯ ಕಾರ್ಬುರೇಟರ್ ಮಾಡೆಲ್. ಇನ್ನೊಂದು ಕೆಟಿಎಂ 390 ಡ್ಯೂಕ್. ಒಂದೇ ಪೆಟ್ರೋಲ್ ಎರಡಕ್ಕೂ ಸಾಕಾ ಅಂತ ಕೇಳಿದರೆ ಬಂಕಿನಲ್ಲಿ ಒಂದು ಉತ್ತರ, ಗ್ಯಾರೇಜಿನಲ್ಲಿ ಇನ್ನೊಂದು ಉತ್ತರ ಸಿಗುತ್ತಿತ್ತು. "ಪ್ರೀಮಿಯಂ ಹಾಕಿಸಿ ಸಾರ್, ಪಿಕಪ್ ಬರುತ್ತೆ" ಅನ್ನುವವರೇ ಜಾಸ್ತಿ. ಅದು ನಿಜವೇ ಎಂದು ನಾನೇ ಹಾಕಿಸಿ, ಓಡಿಸಿ ನೋಡಬೇಕು ಅನ್ನಿಸಿತು.

ಮೊದಲು ಆಕ್ಟೇನ್ ಅಂದರೆ ಏನು ಅಂತ ನೋಡೋಣ. ಇಂಜಿನ್ ಒಳಗೆ ಪಿಸ್ಟನ್ ಮೇಲೆ ಬಂದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಅಲ್ಲಿಂದ ಸುತ್ತಲೂ ಹರಡಬೇಕು. ಆದರೆ ಬಿಸಿ ಮತ್ತು ಒತ್ತಡ ಮಿತಿಮೀರಿದರೆ, ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇದೇ ನಾಕಿಂಗ್. ಹೀಗೆ ಹೊತ್ತದೆ ತಡೆದುಕೊಳ್ಳುವ ಗುಣವನ್ನು ಅಳೆಯುವ ಸಂಖ್ಯೆಯೇ ಆಕ್ಟೇನ್. ಐಸೊ ಆಕ್ಟೇನ್ ಅನ್ನುವ ದ್ರವಕ್ಕೆ 100, ಹೆಪ್ಟೇನ್‌ಗೆ 0 ಅಂತ ಇಟ್ಟುಕೊಂಡು ಉಳಿದದ್ದನ್ನು ಅವುಗಳ ಜೊತೆ ಹೋಲಿಸುತ್ತಾರೆ. ಇದರಲ್ಲಿ ಶಕ್ತಿಯ ಲೆಕ್ಕ ಎಲ್ಲೂ ಇಲ್ಲ.

ಹಾಗಾಗಿ ನೋಡಬೇಕಾದದ್ದು ಇಂಜಿನ್ ಮಿಶ್ರಣವನ್ನು ಎಷ್ಟು ಒತ್ತುತ್ತದೆ ಅನ್ನುವುದನ್ನು, ಅಂದರೆ ಕಂಪ್ರೆಷನ್ ರೇಶಿಯೊವನ್ನು. ನನ್ನ ಕ್ಲಾಸಿಕ್‌ನದು 8.5:1, ಅಂದರೆ ಮಿಶ್ರಣವನ್ನು ಎಂಟೂವರೆ ಪಟ್ಟು ಒತ್ತುತ್ತದೆ, ತುಂಬಾ ಸೌಮ್ಯ. ಡ್ಯೂಕ್‌ನದು 12ಕ್ಕಿಂತ ಮೇಲೆ. ಅಷ್ಟು ಒತ್ತಿಯೂ ಅದು ತಡೆದುಕೊಳ್ಳುವುದಕ್ಕೆ, ಇಂಜಿನ್ ಸುತ್ತ ದ್ರವ ಹರಿಸಿ ತಂಪು ಮಾಡುವ ಲಿಕ್ವಿಡ್ ಕೂಲಿಂಗ್ ಒಂದು ಕಾರಣ. ಬೈಕ್ ಜೊತೆ ಕೊಡುವ ಪುಸ್ತಕದಲ್ಲಿ ಇಂಧನದ ಪುಟ ಅಂತ ಒಂದು ಇರುತ್ತದೆ. ಕನಿಷ್ಠ ಎಷ್ಟು ಆಕ್ಟೇನ್ ಬೇಕು ಎಂದು ಅಲ್ಲಿ ಬರೆದಿರುತ್ತಾರೆ. ಬೇರೆ ಯಾರ ಮಾತಿಗಿಂತ ಮೊದಲು ಆ ಪುಟ ತೆಗೆದು ನೋಡಿ.

ನಾನು ಶುರು ಮಾಡಿದಾಗ ನಮ್ಮ ಬಂಕುಗಳ ಸಾದಾ ಪೆಟ್ರೋಲ್ 91 ಆಕ್ಟೇನ್ ಇತ್ತು. ಇಂಡಿಯನ್ ಆಯಿಲ್‌ನವರ ಎಕ್ಸ್‌ಪಿ 95, ಭಾರತ್ ಪೆಟ್ರೋಲಿಯಂನ ಸ್ಪೀಡ್ 97, ಎಚ್‌ಪಿಯವರ ಪವರ್ 99 ಇವೆಲ್ಲ ಅದರ ಮೇಲಿನವು. ಹೆಸರಿನಲ್ಲಿ ಸಂಖ್ಯೆ ಇದ್ದರೆ ಅದು ಆಕ್ಟೇನ್. ಸಂಖ್ಯೆ ಇಲ್ಲದೆ ಬರೀ ಚೆಂದದ ಹೆಸರಿದ್ದರೆ ಅದರಲ್ಲಿ ಇಂಜಿನ್ ಸ್ವಚ್ಛ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ, ಆಕ್ಟೇನ್ ಜಾಸ್ತಿ ಇರಲೇಬೇಕು ಅಂತೇನಿಲ್ಲ. ಈ ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಹಾಕಿಸುವ ಮೊದಲು ಕೇಳಿಬಿಡುವುದು ಒಳ್ಳೆಯದು.

ಪೆಟ್ರೋಲ್ ಬದಲಾಯಿಸಿದಾಗ ಮೊದಲ ಟ್ಯಾಂಕನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಳದಲ್ಲಿ ಹಳೆಯದು ಉಳಿದಿರುತ್ತದಲ್ವಾ? ಟೈರಿನ ಗಾಳಿ ಒಂದೇ ಇರಬೇಕು. ಹಿಂದೆ ಕೂರುವವರು ಇದ್ದರೆ ಪ್ರತಿ ಸಲವೂ ಇರಬೇಕು. ದಾರಿ ಅದೇ ಆಗಬೇಕು. ಮೈಲೇಜನ್ನು ಮೀಟರ್ ತೋರಿಸುವುದರಿಂದ ಅಲ್ಲ, ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕುತ್ತೇನೆ. ನಾಕಿಂಗ್ ಪತ್ತೆಗೆ ಚಾರ್ಮಾಡಿ ಘಾಟಿ ನನಗೆ ಸರಿಯಾದ ಜಾಗ. ಬೇಸಿಗೆಯ ಮಧ್ಯಾಹ್ನ ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ಇಂಜಿನ್ ಕಾದಿರುತ್ತದೆ, ತಿರುವುಗಳಲ್ಲಿ ವೇಗ ಕಡಿಮೆ, ಭಾರ ಜಾಸ್ತಿ. ನಾಕ್ ಆಗುವ ಇಂಜಿನ್ ಅಲ್ಲಿ ಬಾಯಿ ಬಿಡದೆ ಇರುವುದಿಲ್ಲ.

ಕ್ಲಾಸಿಕ್ ಬಾಯಿ ಬಿಟ್ಟಿತು. ಆಕ್ಸಿಲರೇಟರ್ ಕೊಟ್ಟ ಕೂಡಲೇ ತಗಡಿನ ಡಬ್ಬಿಗೆ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಒಂದು ಗೇರ್ ಇಳಿಸಿದರೆ ಕಡಿಮೆಯಾಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ. 97 ಹಾಕಿಸಿದೆ. ಸದ್ದು ಬಹುಪಾಲು ಹೋಯಿತು. ಇಲ್ಲಿಗೆ ಬಿಟ್ಟಿದ್ದರೆ "ಕ್ಲಾಸಿಕ್‌ಗೆ 97 ಬೇಕು" ಅಂತ ತೀರ್ಮಾನ ಮಾಡಬಹುದಿತ್ತು. ಆದರೆ 8.5:1 ಇಂಜಿನ್ 91ರಲ್ಲಿ ಬಡಿಯುವುದಕ್ಕೆ ಕಾರಣವೇ ಇಲ್ಲ. ಮೆಕ್ಯಾನಿಕ್ ಕೂಡ ಅದನ್ನೇ ಹೇಳಿದ. "ಸಾರ್, ಪೆಟ್ರೋಲ್ ಬದ್ಲು ಮಾಡಿದ್ರೆ ಸದ್ದು ಹೋಗ್ಬಹುದು, ಕಾಯಿಲೆ ಹೋಗಲ್ಲ. ಹೆಡ್ ಬಿಚ್ಚಿ ನೋಡೋಣ."

ಹೆಡ್, ಅಂದರೆ ಇಂಜಿನ್‌ನ ಮೇಲಿನ ಭಾಗ, ಬಿಚ್ಚಿದಾಗ ಪಿಸ್ಟನ್ ತಲೆಯ ಮೇಲೆ ಕಪ್ಪು ಇಂಗಾಲ ಪದರ ಕಟ್ಟಿತ್ತು. ಎಕ್ಸಾಸ್ಟ್ ವಾಲ್ವ್ ಬದಿಯಲ್ಲಿ ಇನ್ನೂ ದಪ್ಪ. ಉಗುರಿನಿಂದ ಕೆರೆದರೆ ಅಂಚು ಮಾತ್ರ ಉದುರಿತು, ಒಳಗಿನದು ಅಲ್ಲಾಡಲಿಲ್ಲ. ವಾಲ್ವ್ ಸೀಲ್ ಸವೆದು ಆಯಿಲ್ ಒಳಗೆ ಇಳಿಯುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಹೊಗೆ ಬರುತ್ತಿದ್ದದ್ದು ಅದಕ್ಕೇ. ಈ ಇಂಗಾಲ ಎರಡು ಥರ ತೊಂದರೆ ಕೊಡುತ್ತದೆ. ಒಳಗಿನ ಜಾಗ ತಿಂದು ಕಂಪ್ರೆಷನ್ ಏರಿಸುತ್ತದೆ. ಜೊತೆಗೆ ತಾನೇ ಕೆಂಡವಾಗಿ ಕಿಡಿಗಿಂತ ಮೊದಲೇ ಬೆಂಕಿ ಹಚ್ಚಬಲ್ಲದು. ಆತ ಸೀಮೆಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆ ಬ್ರಷ್‌ನಿಂದ ನಿಧಾನವಾಗಿ ಉಜ್ಜಿ ತೆಗೆದ. ಹೊಸ ಸೀಲ್, ಹೊಸ ಪ್ಲಗ್ ಹಾಕಿದ. ಮತ್ತೆ ಸಾದಾ ಪೆಟ್ರೋಲ್ ತುಂಬಿಸಿ ಅದೇ ಘಾಟಿ ಹತ್ತಿದೆ. ಸದ್ದೇ ಇಲ್ಲ.

ಸ್ವಚ್ಛವಾದ ಆ ಇಂಜಿನ್‌ಗೆ 95, 97 ಎರಡನ್ನೂ ಮತ್ತೆ ಹಾಕಿಸಿ ನೋಡಿದೆ. ಪಿಕಪ್‌ನಲ್ಲಿ, ಮೈಲೇಜ್‌ನಲ್ಲಿ ಕೈಗೆ ಸಿಗುವಂಥ ವ್ಯತ್ಯಾಸ ಏನೂ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ನಮ್ಮ ಹೆಚ್ಚಿನ ಸಣ್ಣ ಬೈಕುಗಳಲ್ಲಿ ನಾಕ್ ಸೆನ್ಸರ್ ಇರುವುದಿಲ್ಲ. ಒಳ್ಳೆಯ ಪೆಟ್ರೋಲ್ ಬಂದಿದೆ ಅಂತ ತಿಳಿದುಕೊಂಡು ಕಿಡಿಯ ಸಮಯ ಬದಲಾಯಿಸುವ ವ್ಯವಸ್ಥೆ ಅವುಗಳಲ್ಲಿ ಇಲ್ಲ. ಲೀಟರಿಗೆ ಹೆಚ್ಚಿಗೆ ಕೊಟ್ಟ ದುಡ್ಡು ಸುಮ್ನೆ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ.

ಡ್ಯೂಕ್ ಕಥೆ ಬೇರೆ. 91ರಲ್ಲಿ ಸದ್ದು ಕೇಳಿಸುತ್ತಿರಲಿಲ್ಲ, ಆದರೆ ಬಿಸಿಲಲ್ಲಿ ಕಡಿಮೆ ಆರ್‌ಪಿಎಂನಿಂದ ಜೋರಾಗಿ ಎಳೆದರೆ ಒರಟಾಗಿ ತಡವರಿಸುತ್ತಿತ್ತು. 95ರಲ್ಲಿ ಅದು ಕಡಿಮೆಯಾಯಿತು. 97ರಲ್ಲಿ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಇಂಥ ಹೈ ಕಂಪ್ರೆಷನ್ ಬೈಕಿಗೆ ನಾನು 95ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಮೇಲಕ್ಕೂ ಹೋಗುವುದಿಲ್ಲ. ಡುಕಾಟಿ ಕಂಪನಿಯ ಸೂಪರ್‌ಬೈಕ್ ಪಾನಿಗಾಲೆ ವಿ4ರ ಕಂಪ್ರೆಷನ್ 14:1. ಅದಕ್ಕೂ ಕಂಪನಿ ಕೇಳುವುದು 95 ಮಾತ್ರ. ಹಾಗಿರುವಾಗ ನಮ್ಮ 150, 200 ಸಿಸಿ ಬೈಕಿಗೆ 100 ಆಕ್ಟೇನ್ ಪೆಟ್ರೋಲ್ ಯಾಕೆ?

ಈಗ ಶೇಕಡಾ 20 ಎಥನಾಲ್ (ಒಂದು ಬಗೆಯ ಮದ್ಯಸಾರ) ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಲೆಕ್ಕವೇ ಬದಲಾಗಿದೆ. ಎಥನಾಲ್‌ನ ಆಕ್ಟೇನ್ ಸುಮಾರು 108. ಅದನ್ನು ಬೆರೆಸಿದ್ದರಿಂದ ಸಾದಾ ಪೆಟ್ರೋಲೇ 95 ಆಗಿದೆ. ಮೊದಲು ದುಡ್ಡು ಕೊಟ್ಟು ಪಡೆಯುತ್ತಿದ್ದ ಸಂಖ್ಯೆ ಈಗ ಎಲ್ಲರಿಗೂ ಸಿಗುತ್ತಿದೆ. ಆದರೆ ಮೈಲೇಜ್ ಇಳಿದಿದೆ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ. ಆಕ್ಟೇನ್ ಜಾಸ್ತಿಯಾದರೆ ಶಕ್ತಿ ಜಾಸ್ತಿ ಅನ್ನುವವರಿಗೆ ನಾನು ತೋರಿಸುವುದು ಇದನ್ನೇ. ಆಕ್ಟೇನ್ ಏರಿತು, ಶಕ್ತಿ ಇಳಿಯಿತು.

ಹಾಗಾಗಿ ಈಗ ನಾನು ಡ್ಯೂಕ್‌ಗೂ ಸಾದಾ ಪೆಟ್ರೋಲೇ ಹಾಕಿಸುತ್ತೇನೆ. ಹಳೆಯ ಕ್ಲಾಸಿಕ್‌ನಲ್ಲಿ ನೋಡಿಕೊಳ್ಳಬೇಕಾದದ್ದು ಆಕ್ಟೇನ್ ಅಲ್ಲ, ರಬ್ಬರ್. 2023ರ ಏಪ್ರಿಲ್ ನಂತರದ ಬೈಕುಗಳ ಭಾಗಗಳನ್ನು ಇ20 ತಡೆಯುವಂತೆ ಮಾಡಿದ್ದಾರೆ. ಅದಕ್ಕಿಂತ ಹಿಂದಿನವುಗಳ ಪೆಟ್ರೋಲ್ ಪೈಪ್, ಕಾರ್ಬುರೇಟರ್ ವಾಷರ್‌ಗಳನ್ನು ಆಗಾಗ ಮುಟ್ಟಿ ನೋಡಬೇಕು. ನಾನು ಪೈಪ್ ಬದಲಾಯಿಸಿದೆ. ಮಳೆಗಾಲದಲ್ಲಿ ಬೈಕ್ ವಾರಗಟ್ಟಲೆ ನಿಲ್ಲುವಾಗ ಕಾರ್ಬುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಇಳಿಸಿಬಿಡುತ್ತೇನೆ. ಎಥನಾಲ್ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಲೆನಾಡಿನ ಗಾಳಿಯಲ್ಲಿ ಆಷಾಢದಲ್ಲಿ ತೇವಕ್ಕೆ ಬರವಿಲ್ಲ. ಜಾವಾ, ಯೆಜ್ಡಿಯಂಥ ಹಳೆಯ ಬೈಕುಗಳನ್ನು ಅಪರೂಪಕ್ಕೆ ಓಡಿಸುವವರು ಎಕ್ಸ್‌ಪಿ 100 ಹುಡುಕಿಕೊಂಡು ಹೋಗುವುದು ಇದೇ ಕಾರಣಕ್ಕೆ. ಅಷ್ಟೊಂದು ದುಡ್ಡು ಕೊಟ್ಟು ಅವರು ಕೊಳ್ಳುವುದು 100 ಆಕ್ಟೇನ್ ಅಲ್ಲ, ಎಥನಾಲ್ ಇಲ್ಲದ ಪೆಟ್ರೋಲ್. ಅದಕ್ಕೆ ನನ್ನ ಒಪ್ಪಿಗೆ ಇದೆ.

ಹೊರದೇಶದಲ್ಲಿ ಬೈಕ್ ಓಡಿಸುವ ನಮ್ಮವರಿಗೆ ಒಂದು ಮಾತು. ಅಮೆರಿಕದ ಬಂಕಿನಲ್ಲಿ 87 ಅಂತ ಕಂಡರೆ ಗಾಬರಿ ಬೇಡ. ಅಲ್ಲಿ ಅಳೆಯುವ ಕ್ರಮ ಬೇರೆ, ಅವರ 87 ಹೆಚ್ಚುಕಡಿಮೆ ನಮ್ಮ 91. ದುಬೈಯಲ್ಲಿ ಸಿಗುವ 91, 95, 98 ಮಾತ್ರ ನಮ್ಮ ಲೆಕ್ಕದ್ದೇ.

ಲಾಂಗ್ ರೈಡ್‌ನಲ್ಲಿ ಅನುಮಾನದ ಪೆಟ್ರೋಲ್ ತುಂಬಿಸಬೇಕಾಗಿ ಬಂದು, ಏರಿನಲ್ಲಿ ಸದ್ದು ಶುರುವಾದರೆ ಬೈಕ್ ನಿಲ್ಲಿಸಿ ಹತ್ತು ನಿಮಿಷ ಆರಲು ಬಿಡಿ. ಆಮೇಲೆ ಒಂದು ಗೇರ್ ಕಡಿಮೆಯಲ್ಲಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸದೆ ಓಡಿಸಿ. ಟ್ಯಾಂಕ್ ಅರ್ಧ ಆದ ಮೇಲೆ ಜನ ಜಾಸ್ತಿ ಬರುವ ಬಂಕಿನಲ್ಲಿ 97 ಅಥವಾ 99 ತುಂಬಿಸಿ. ಬೆರೆತರೆ ಏನೂ ತೊಂದರೆ ಇಲ್ಲ. ಮೊದಲಿನದು ಬರೀ 91 ಇದ್ದರೂ, ಅದರ ಜೊತೆ ಅಷ್ಟೇ 97 ಸೇರಿದರೆ ಸುಮಾರು 94ರ ಹತ್ತಿರ ಬರುತ್ತದೆ, ಮನೆ ಮುಟ್ಟಲು ಅಷ್ಟು ಸಾಕು.